ಚುಕ್ಕಿ ಬಿದ್ದ ಸಾಲುಗಳು

ಜೇವರ್ಗಿ ತಾಲೂಕಿನ ನಮ್ಮ ಊರಿಗೆ ಕಾಲುವೆ ನೀರು ಬಂದಾಗ ನಾವು ಜೋಳದ ಮಂದಿ ಭತ್ತದ ಮುಂದೆ ಹೊಸ ಸೊಸೆಯ ಹಾಗೆ ನಿಂತೆವು. ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ಮನಿರಬೇಕು, ಒಂದೂ ತಿಳಿಯದು. ತಿಳಿಯದು ಎಂದು ಬಾಯಿಬಿಟ್ಟು ಹೇಳುವ ಪೈಕಿಯವರೂ ನಾವಲ್ಲ. ಆಂಧ್ರದಿಂದ ಬಂದು ಕ್ಯಾಂಪು ಹಾಕಿಕೊಂಡವರು ಏನು ಮಾಡುತ್ತಾರೋ ಓರೆಗಣ್ಣಿನಿಂದ ನೋಡುವುದು, ಅದನ್ನೇ ಮನೆಗೆ ಬಂದು ನಮ್ಮ ಬುದ್ಧಿ ಎಂದು ಹೇಳಿಕೊಳ್ಳುವುದು, ನೋಡಿದ್ದು ಮರೆತುಹೋದ ಕಡೆ ಜೋಳಕ್ಕೆ ಮಾಡುತ್ತಿದ್ದುದನ್ನೇ ಭತ್ತಕ್ಕೂ ಮಾಡುವುದು. ತೊಂಬತ್ತರ ದಶಕದ ಅರ್ಧ ಹೀಗೇ ಕಳೆಯಿತು.

ಜೋಳದ ಮಾತಿಗೆ ಬಂದರೆ ದೌಲತರಾಯನನ್ನು ಮೀರಿಸುವವರು ಸುತ್ತ ಊರುಗಳಲ್ಲಿ ಇರಲಿಲ್ಲ. ಜೋಳಕ್ಕೆ ಕಾಡಿಗೆ ರೋಗ ಬರುತ್ತದೆ. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿಕೊಳ್ಳುತ್ತದೆ. ಅಂಥ ತೆನೆಯನ್ನು ಪುಡಿ ಉದುರದ ಹಾಗೆ ಚೀಲದೊಳಗೇ ಕೊಯ್ದು, ಹೊಲದಾಚೆ ಒಯ್ದು ಸುಡಬೇಕು. ಉಳಿದವರು ಆ ಕೆಲಸವನ್ನು ಆಳುಗಳಿಗೆ ಬಿಡುತ್ತಿದ್ದರು. ದೌಲತರಾಯ ತಾನೇ ಹೆಗಲಿಗೆ ಚೀಲ ಹಾಕಿಕೊಂಡು ಹೊಲ ಹೊಕ್ಕನೆಂದರೆ ಒಂದು ಕರಿ ತೆನೆ ಉಳಿಯುತ್ತಿರಲಿಲ್ಲ. ಹೊಲ ಎಂದರೆ ಮನೆಯ ಅಂಗಳ, ಬಂದವರು ನೋಡಿ ಮೂಗು ಮುರಿಯಬಾರದು ಎನ್ನುವುದು ಅವನ ಹಟ.

ಅವನ ಮಗಳು ಶಿವಕಾಂತಾ ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬೆಳೆಗಳ ರೋಗ ಅವಳ ವಿಷಯ. ಊರಿನಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೊಬ್ಬಳೇ, ಅದು ಬೇರೆಯವರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಆಳಂದ ತಾಲೂಕಿನ ಭೂಸನೂರಿನಲ್ಲಿ ಕಬ್ಬು ಬೆಳೆಯುವ ಬಸವಂತರಾಯನ ಮಗನಿಗೆ ಅವಳನ್ನು ಕೊಡುವ ಮಾತಾಗಿತ್ತು. ಹುಡುಗ ಬೇಡ ಎಂದು ಅವಳು ಅಂದಿರಲಿಲ್ಲ. ಓದು ಮುಗಿಯಲಿ ಅಂದಿದ್ದಳು. ಬಸವಂತರಾಯ ಕಾಯಲಾರೆ ಎಂದು ಮುಖ ಗಂಟಿಕ್ಕಿದಾಗ ದೌಲತರಾಯ ಅವನ ಕೈ ಹಿಡಿದು, "ಇದೊಂದು ಭತ್ತದ ಬೆಳಿ ಮುಗೀಲ್ರಿ, ಆಮ್ಯಾಲ ಒಂದು ದಿನಾನೂ ತಡ ಮಾಡಂಗಿಲ್ಲ" ಎಂದು ಮಾತು ಕೊಟ್ಟು ಬಂದಿದ್ದ. ಹಾಗಾಗಿ ಶಿವಕಾಂತಾಳ ಪಾಲಿಗೆ ಇದ್ದದ್ದು ಒಂದೇ ಹಂಗಾಮು. ಈ ಬೆಳೆ ಕೈಕೊಟ್ಟರೆ ಅವಳ ಡಿಗ್ರಿಯೂ ಹೋಯಿತು.

ಕಾಲುವೆಗೆ ಹತ್ತಿದ ಹೊಲದ ಮೂಲೆಯಲ್ಲಿ ಅವಳು ಎರಡು ಬಗೆಯ ಭತ್ತವನ್ನು ಸಾಲು ಬಿಟ್ಟು ಸಾಲು ಹಚ್ಚಿಸಿದ್ದಳು. ನಾಟಿ ಮಾಡಿದವರು ಪ್ಯಾರಿಬಿ ಮತ್ತು ಅವಳ ಗುಂಪಿನ ಕೂಲಿ ಹೆಂಗಸರು. ನೋಡಲು ಎರಡೂ ಒಂದೇ. ಆದರೆ ಒಂದು ಬಗೆಯಲ್ಲಿ ಬೆಂಕಿ ರೋಗವನ್ನು ತಡೆಯುವ ಜೀನ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಜೀನ್ ಇದ್ದ ಸಾಲುಗಳ ತಲೆಗೆ ಬಿಳಿ ಗೂಟ, ಇಲ್ಲದವಕ್ಕೆ ಕೆಂಪು ಗೂಟ. ರೋಗ ಬಂದಾಗ ಎರಡೂ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಿ ಬರೆಯುವುದೇ ಅವಳ ಓದಿನ ಕೊನೆಯ ಕೆಲಸ.

"ಏನ್ ಬೆಳಿಯಾಕತ್ತಿ ಬೇ, ಈ ಬಣ್ಣದ ಗೂಟ ಹೊಡದು?" ಎಂದು ದೌಲತರಾಯ ಒಮ್ಮೆ ಕೇಳಿದ್ದ.

"ಅದು ನಿನಗ ತಿಳಿಯಂಗಿಲ್ಲ ಬಿಡಪ್ಪಾ" ಎಂದು ಅವಳು ತಲೆ ಎತ್ತದೆ ಹೇಳಿದ್ದಳು.

ಬೇರೆ ಅಪ್ಪನಾಗಿದ್ದರೆ ಸಿಟ್ಟಿಗೇಳುತ್ತಿದ್ದ. ಈ ಪುಣ್ಯಾತ್ಮ ನಗುತ್ತ ಹೋಗಿ, ಚಹಾದಂಗಡಿಯಲ್ಲಿ ಕುಳಿತ ನಮ್ಮೆಲ್ಲರ ಎದುರು, "ನನಗೇ ತಿಳಿಯಲಾರದಷ್ಟು ಕಲತಾಳ ನಮ್ಮಾಕಿ" ಎಂದು ಮೀಸೆ ತಿರುವಿದ. ನಾವೂ ತಲೆದೂಗಿದೆವು. ಇಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ಒಬ್ಬನಾದರೂ ಕೇಳಬೇಕಿತ್ತು, ಕೇಳಲಿಲ್ಲ.

ಭತ್ತ ಮೊಣಕಾಲಿಗೆ ಬಂದ ಹೊತ್ತಿನಲ್ಲಿ ಜಿಟಿಜಿಟಿ ಮಳೆ ಹಿಡಿದು, ಬೆಳಗಿನ ಹೊತ್ತು ಮಂಜು ಇಳಿಯತೊಡಗಿತು. ಕ್ಯಾಂಪಿನ ಗದ್ದೆಗಳಲ್ಲಿ ಬೆಂಕಿ ರೋಗ ಕಾಣಿಸಿಕೊಂಡ ಸುದ್ದಿ ಬಂತು. ಒಂದು ಮುಂಜಾನೆ ಶಿವಕಾಂತಾ ಹೊಲಕ್ಕೆ ಹೋಗಿ ನೋಡಿದರೆ, ಬಿಳಿ ಗೂಟದ ಸಾಲುಗಳಲ್ಲಿ ಎಲೆ ಎಲೆಗೂ ಸೂಜಿಮೊನೆಯಷ್ಟು ಕಂದು ಚುಕ್ಕಿ! ಕೆಂಪು ಗೂಟದ ಸಾಲುಗಳು ಹಸಿರಾಗಿ ತಣ್ಣಗೆ ನಿಂತಿದ್ದವು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ಕಾಯುತ್ತಿದ್ದದ್ದು ಆ ಚುಕ್ಕಿಗಾಗಿಯೇ. ಮೊದಲ ಬಸ್ಸಿಗೇ ಜೇವರ್ಗಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ತನ್ನ ಗೈಡ್ ಡಾಕ್ಟರ್ ಶಾಂತಲಿಂಗಪ್ಪನವರಿಗೆ ಫೋನು ಮಾಡಿದಳು. ಅವರು ಯಾವುದೋ ಮೀಟಿಂಗಿಗೆಂದು ಗುಲಬರ್ಗಾಕ್ಕೆ ಬಂದವರು, ಅಲ್ಲಿಯ ಗೆಸ್ಟ್‌ಹೌಸಿನ ನಂಬರನ್ನು ಅವಳಿಗೆ ಮೊದಲೇ ತಿಳಿಸಿದ್ದರು. ಈ ಚುಕ್ಕಿಗಳನ್ನು ಈಗಲೇ ಎಣಿಸಿ ಫೋಟೋ ತೆಗೆಯಬೇಕು, ನಾಳೆಯೇ ಜೀಪಿನಲ್ಲಿ ಬರುತ್ತೇನೆ, ದಾರಿ ತೋರಿಸಲು ನೀನು ಇವತ್ತೇ ಇಲ್ಲಿಗೆ ಬಾ ಎಂದರು. ಅವಳು ಮನೆಗೆ ಓಡಿ ಬಂದು ಸೀರೆ ಬದಲಿಸಿ, "ನಾಳೆ ನಮ್ಮ ಸರ್ ಬೆಳಿ ನೋಡಾಕ ಬರ್ತಾರ, ಅಡಿಗಿ ಚಲೋ ಮಾಡವ್ವಾ" ಎಂದು ತಾಯಿ ಗುರುಬಾಯಿಗೆ ಹೇಳಿ, ಗುಲಬರ್ಗಾದ ಅತ್ತೆಯ ಮನೆಗೆ ಹೊರಟೇಬಿಟ್ಟಳು. ಏಕೆ ಅಷ್ಟು ಖುಷಿ ಎಂದು ಹೇಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಅತಿಥಿ ಬರುತ್ತಾರೆಂದು ದೌಲತರಾಯ ಮಧ್ಯಾಹ್ನ ಹೊಲದ ಬದುವಿನ ಕಸ ತೆಗೆಯಲು ಹೋದ. ಚುಕ್ಕಿ ಕಂಡ. ಒಂದಲ್ಲ, ಎರಡಲ್ಲ, ಬಿಳಿ ಗೂಟದ ಒಂದೊಂದು ಸಾಲೂ ಹಾಗೆಯೇ. ಬೆಳಗಾದರೆ ದೊಡ್ಡ ಮಾಸ್ತರರು ಬಂದು ನೋಡುವವರು. ಮಗಳ ಬೆಳೆಗೆ ರೋಗ ಬಿದ್ದಿದೆ ಎಂದು ಅವರ ಬಾಯಿಂದ ಕೇಳಬೇಕೇ? ಅವಳು ಆಗಲೇ ಬಸ್ಸು ಹತ್ತಿ ಹೋಗಿದ್ದಳು, ಕೇಳೋಣವೆಂದರೆ ದಾರಿಯಿಲ್ಲ. ಪಕ್ಕದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಪ್ಯಾರಿಬಿಯ ಗುಂಪನ್ನು ಕೂಗಿ ಕರೆದ.

"ಈ ಚುಕ್ಕಿ ಬಿದ್ದದ್ದೆಲ್ಲಾ ಬೇರು ಸಮೇತ ಕೀಳ್ರಿ. ಒಂದೂ ಬಿಡಬ್ಯಾಡ್ರಿ. ಒಂದು ಬಿಟ್ರ ಎಲ್ಲಾದಕ್ಕೂ ಹಬ್ತದ."

"ಶಿವಕಾಂತಾ ಬಾಯಾರು ಬಂದ ಮ್ಯಾಲ ಕೀಳಾಣಲ್ರಿ ಗೌಡ್ರ" ಎಂದಳು ಪ್ಯಾರಿಬಿ.

"ಆಕಿ ಬರೂದು ಮಾಸ್ತರ ಕೂಡ. ಅವರ ಮುಂದ ಆಕಿ ಇಜ್ಜತ್ ಹೋಗಬೇಕೇನು? ನಡೀರಿ ಜಲ್ದಿ."

ಅವನೂ ಕಚ್ಚೆ ಬಿಗಿದು ಕೆಸರಿಗಿಳಿದ. ಸಂಜೆಯ ಹೊತ್ತಿಗೆ ಬಿಳಿ ಗೂಟದ ಸಾಲುಗಳು ಬರಿದಾದವು. ಕಿತ್ತದ್ದನ್ನೆಲ್ಲ ಚೀಲದಲ್ಲಿ ತುಂಬಿ ಹೊಲದಾಚೆ ಒಯ್ದು, ಹಸಿ ಬೆಳೆ ಬೇಗ ಹತ್ತಿಕೊಳ್ಳದಿದ್ದಾಗ ಜೋಳದ ಒಣ ದಂಟು ಒಟ್ಟಿ, ಬೂದಿಯಾಗುವ ತನಕ ನಿಂತು ಸುಟ್ಟ. ಜೋಳದ ಕಾಡಿಗೆಗೆ ಅವನಪ್ಪ ಕಲಿಸಿದ್ದು ಹಾಗೆಯೇ. ಒಂದು ಎಲೆಯೂ ಉಳಿಯಲಿಲ್ಲ. ಉಳಿದ ಹಸಿರು ಸಾಲುಗಳನ್ನು ನೋಡಿ ಅವನಿಗೆ ಎಂಥ ಸಮಾಧಾನ! ಮಗಳ ಮರ್ಯಾದೆ ಉಳಿಸಿದೆ ಎಂದು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಮರುದಿನ ಜೀಪು ಹೊಲದ ತನಕ ಬಂತು. ಶಿವಕಾಂತಾ ದಾರಿಯುದ್ದಕ್ಕೂ ಚುಕ್ಕಿಯ ಮಾತನ್ನೇ ಆಡುತ್ತ ಬಂದವಳು, ಬದುವಿನ ಮೇಲೆ ಕಾಲಿಟ್ಟು ಕಲ್ಲಾಗಿ ನಿಂತಳು. ಹೆಗಲಿಗೆ ಕ್ಯಾಮೆರಾ ತೂಗುಹಾಕಿಕೊಂಡಿದ್ದ ಶಾಂತಲಿಂಗಪ್ಪನವರು ಬಿಳಿ ಗೂಟಗಳನ್ನೂ ಅವುಗಳ ಮುಂದಿನ ಬರಿ ಕೆಸರನ್ನೂ ನೋಡಿದರು.

"ಯಾರು ಕಿತ್ತರು ಇವನ್ನ?"

ಆಗಲೇ ದೌಲತರಾಯ ಆ ಕಡೆಯಿಂದ ಬರುತ್ತಿದ್ದ. ಮೊಣಕಾಲ ತನಕ ಕೆಸರು, ತಲೆಗೆ ಸುತ್ತಿದ ಹಳೇ ಟವೆಲ್, ಕೈಯಲ್ಲಿ ಕುಡುಗೋಲು, ಮುಖದ ತುಂಬ ನಗು. ಶಿವಕಾಂತಾ ಅವನನ್ನು ನೋಡಿದಳು. ಹೋದ ಡಿಗ್ರಿ, ಎದುರಿಗೆ ನಿಂತ ಗುರು, ಕೆಸರು ಮೆತ್ತಿಕೊಂಡು ನಗುತ್ತ ಬರುವ ಅಪ್ಪ. ಇವನು ನನ್ನ ಅಪ್ಪ, ಇವನೇ ಕಿತ್ತ ಎಂದು ಹೇಳಲು ಅವಳ ನಾಲಿಗೆ ಏಳಲಿಲ್ಲ.

"ಆಳುಮನುಷ್ಯಾ, ಸರ್" ಎಂದಳು. "ಏನು ಹೇಳಿದ್ರೂ ತಿಳಿಯಂಗಿಲ್ಲ ಇವರಿಗೆ."

ದೌಲತರಾಯನಿಗೆ ಅದು ಕೇಳಿಸಿತು. ನಮಸ್ಕಾರಕ್ಕೆಂದು ಅರ್ಧ ಎತ್ತಿದ ಕೈ ಕೆಳಗಿಳಿಯಿತು. ಅವನು ಮಗಳ ಮುಖವನ್ನು ಒಂದು ಸಲ ನೋಡಿ, ಕುಡುಗೋಲನ್ನು ಹಿಂದೆ ಹಿಡಿದುಕೊಂಡು ದೂರದಲ್ಲೇ ನಿಂತ.

"ಹೌದ್ರಿ ಸಾಹೇಬ್ರ. ನಾನೇ ಕಿತ್ತೀನ್ರಿ. ರೋಗ ಬಿದ್ದಾವಂತ ತಿಳಕೊಂಡೆ."

ಶಾಂತಲಿಂಗಪ್ಪನವರು ಕೂಗಾಡುವ ಪೈಕಿಯವರಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, "ಬಾರಪ್ಪಾ ಇಲ್ಲಿ, ಕೂಡು" ಎಂದು ಅವನನ್ನು ಎದುರಿಗೆ ಕೂರಿಸಿಕೊಂಡರು. "ರೊಟ್ಟಿಗೆ ಬೂಸ್ರು ಹಿಡಿತದಲ್ಲ, ಬೆಂಕಿ ರೋಗ ಅಂದ್ರ ಆ ಪೈಕಿದು. ಗಾಳಿಯಾಗ ಬಂದು ಎಲಿ ಮ್ಯಾಲ ಕೂಡ್ತದ, ಮೊಳಿ ಹೊಡದಂಗ ಒಳಗ ಹೋಗ್ತದ. ಎಲಿ ಒಳಗ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಕೋಣಿ ಅವ, ಜೀವಕೋಶ ಅಂತೀವಿ ನಾವು. ಕೋಶಕ್ಕ ಜೀವ ಇದ್ರೇನೇ ಈ ರೋಗಕ್ಕ ಅಲ್ಲಿ ಕೂಳು. ತಿಳೀತೇನು?"

"ತಿಳೀತ್ರಿ."

"ಈ ಬಿಳಿ ಗೂಟದ ಭತ್ತದಾಗ ಒಂದೊಂದು ಕೋಶದೊಳಗೂ ಒಂದು ಪ್ರೋಟೀನು ಇರ್ತದ, ಕಾವಲಿಗೆ ಇಟ್ಟಂಗ. ರೋಗ ಒಳಗ ಬಂದು ಉಗುಳೋ ವಸ್ತುವಿನ ಗುರುತು ಅದಕ್ಕ ಹತ್ತತದ. ಗುರುತು ಹತ್ತಿದ್ದೇ ತಡ, ಗಾಯಕ್ಕ ಹಾಕಿದ್ರ ಬುರುಬುರು ನೊರಿ ಬರೂ ಔಷಧ ಅದಲ್ಲ, ಅದನ್ನ ಆ ಕೋಶ ತಾನೇ ತಯಾರ ಮಾಡ್ತದ. ಸುತ್ತ ಗ್ವಾಡಿ ಗಟ್ಟಿ ಮಾಡ್ತದ. ಕಡೀಕ ತಾನೂ ಸಾಯ್ತದ. ಸತ್ತ ಕೋಶದಾಗ ರೋಗಕ್ಕ ಕೂಳಿಲ್ಲ, ಮುಂದಕ ದಾರಿನೂ ಇಲ್ಲ. ಹಂಗ ಸತ್ತ ಜಾಗಾನೇ ನೀ ನೋಡಿದ ಚುಕ್ಕಿ."

ದೌಲತರಾಯ ಬರಿದಾದ ಸಾಲುಗಳತ್ತ ತಿರುಗಿದ. "ಅಂದ್ರ ಚುಕ್ಕಿ ಬಿದ್ದದ್ದೇ ಗಟ್ಟಿ ಬೆಳಿ ಇತ್ತು ಅಂದಂಗಾತು."

"ಹೌದು."

"ಮತ್ತ ಈ ಹಸರ ಇದ್ದವು ಏನ್ರಿ?"

"ಇವಕ್ಕ ಅದು ಒಳಗ ಬಂದದ್ದೇ ಗೊತ್ತಾಗಿಲ್ಲ. ನೋಡು." ಅವರು ಕೆಂಪು ಗೂಟದ ಸಾಲಿನ ಒಂದು ಎಲೆಯನ್ನು ಬಿಸಿಲಿಗೆ ಹಿಡಿದರು. ಹಸಿರಿನ ನಡುವೆ ನೀರು ತಾಗಿದ ಹಾಗೆ ಮಸುಕು ಕಲೆಗಳು ಕಂಡವು. "ಇನ್ನೆರಡು ದಿನಕ್ಕ ಇವು ಸುಟ್ಟಂಗ ಆಗ್ತಾವ. ನೀ ಕಿತ್ತದ್ದು ಉಳಿಯೂ ಬೆಳಿ. ಬಿಟ್ಟದ್ದು ಹೋಗೂ ಬೆಳಿ."

ದೌಲತರಾಯ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಶಾಂತಲಿಂಗಪ್ಪನವರು ಎದ್ದು, "ಇಷ್ಟೇ ಮಾತು, ಶಿವಕಾಂತಾ. ಮೊದಲೇ ಹೇಳಿದ್ದರೆ ಈ ಮನುಷ್ಯ ಕಾವಲು ಕಾಯುತ್ತಿದ್ದ" ಎಂದರು. ಅವಳು ನೆಲ ನೋಡುತ್ತಿದ್ದಳು. ಎಂ.ಎಸ್ಸಿ. ಓದುವವಳಿಗೆ ಆಡಲು ಬಾರದ ಮಾತೇನೂ ಅದರಲ್ಲಿ ಇರಲಿಲ್ಲ.

ಊಟಕ್ಕೆ ಮನೆಗೆ ಹೋಗಲೇಬೇಕಿತ್ತು. ನಮ್ಮ ಕಡೆ ಬಂದವರನ್ನು ಉಣ್ಣಿಸದೆ ಕಳಿಸಿದರೆ ಊರೇ ಛೀ ಅನ್ನುತ್ತದೆ. ಜೊತೆಗೆ ಅತಿಥಿಯ ಸಾಲಿಗೆ ಮನೆಯ ಯಜಮಾನ ಕೂತು "ತಗೋರಿ" ಅನ್ನದೆ ಯಾರೂ ತುತ್ತು ಎತ್ತುವುದಿಲ್ಲ. ಗುರುಬಾಯಿ ಪಡಸಾಲೆಯಲ್ಲಿ ಎರಡು ತಾಟು ಹಾಕಿ, ಹೋಳಿಗೆ ಬಡಿಸಿ ಇಟ್ಟಿದ್ದಳು. ಜೀಪಿನವರು ಒಳಗೆ ಬಂದರು. ಹಿಂದೆ ನಡೆದು ಬಂದ ದೌಲತರಾಯ ಮಾತ್ರ ತನ್ನದೇ ಮನೆಯ ಹೊಸ್ತಿಲು ದಾಟದೆ, ಅಂಗಳದ ದನದ ಗೋದಲಿಯ ಹತ್ತಿರ ಕಾಲು ತೊಳೆದು ಅಲ್ಲೇ ಕುಳಿತ.

ಶಾಂತಲಿಂಗಪ್ಪನವರು ಎರಡನೇ ತಾಟು ನೋಡಿ, "ನಿಮ್ಮ ತಂದೆಯವರು ಬರಲಿ, ಕೂಡಿ ಉಣ್ಣೋಣ" ಎಂದರು.

"ಅವರು ಊರಾಗ ಇಲ್ಲ, ಸರ್" ಎಂದಳು ಶಿವಕಾಂತಾ. "ಆಳಂದಕ್ಕ ಹೋಗ್ಯಾರ. ಕೆಲಸ ಇತ್ತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗುರುಬಾಯಿ ಮಗಳನ್ನು ನೋಡಿದಳು, ಅಂಗಳದಲ್ಲಿ ಕುಳಿತ ಗಂಡನನ್ನು ನೋಡಿದಳು. ಹೊಲದಲ್ಲಿ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ, ಆದರೆ ಗೊತ್ತಾಗಬೇಕಾದಷ್ಟು ಗೊತ್ತಾಯಿತು. ಪರಗಂಡಸರ ಎದುರು ಎಂದೂ ದನಿ ಎತ್ತದ ಹೆಂಗಸು ಆ ಎರಡನೇ ತಾಟನ್ನು ಎತ್ತಿಕೊಂಡು, ಅತಿಥಿಯ ಮುಂದಿನಿಂದಲೇ ಹಾದು ಅಂಗಳಕ್ಕೆ ಹೋಗಿ, ಗಂಡನ ಮುಂದೆ ಇಟ್ಟಳು.

"ನಿಮ್ಮ ಮಗಳು ನಿಮ್ಮನ್ನ ಆಳಂದಕ್ಕ ಕಳಿಸ್ಯಾಳ" ಎಂದಳು, ಒಳಗೆಲ್ಲ ಕೇಳುವಂತೆ. "ಹೋಗೂದರೊಳಗ ಉಂಡು ಹೋಗ್ರಿ."

ಶಾಂತಲಿಂಗಪ್ಪನವರು ಎದ್ದು ಬಾಗಿಲಿಗೆ ಬಂದರು. ಅಂಗಳದ ಮನುಷ್ಯನನ್ನು ನೋಡಿ ಅವರ ಮುಖ ಕೆಂಪಾಯಿತು. ಹೊಲದಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದು ನೆನಪಾಗಿರಬೇಕು. ದೌಲತರಾಯ ದಡಬಡಿಸಿ ಎದ್ದ.

"ಆಕಿದೇನೂ ತಪ್ಪಿಲ್ರಿ ಸಾಹೇಬ್ರ. ನಾನೇ ಹೇಳಿಕೊಟ್ಟಿದ್ದೆ, ಹಂಗ ಹೇಳು ಅಂತ. ಮಾಡಿದ ಕೆಲಸ ನೋಡಿ ನನಗೇ ನಾಚಿಕಿ ಬಂತ್ರಿ, ಅದಕ್ಕ."

"ಹೌದೇನು?" ಎಂದು ಶಾಂತಲಿಂಗಪ್ಪನವರು ಶಿವಕಾಂತಾಳ ಕಡೆ ತಿರುಗಿದರು.

ಇಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅವಳು ಹೇಳಲಿಲ್ಲ. ಅಪ್ಪ ಹಾಸಿಕೊಟ್ಟ ಸುಳ್ಳಿನ ಮೇಲೆ ಬಾಯಿ ಮುಚ್ಚಿಕೊಂಡು ನಿಂತಳು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ. ಹೊಲದಲ್ಲಿ ಬಾಯಿ ತಪ್ಪಿತು ಅಂದುಕೊಳ್ಳೋಣ, ಇಲ್ಲಿ ಯೋಚನೆ ಮಾಡಲು ಬೇಕಾದಷ್ಟು ಹೊತ್ತಿತ್ತು.

ಗುರುಗಳು ಅಂಗಳದಲ್ಲೇ ದೌಲತರಾಯನ ಪಕ್ಕ ಕುಳಿತು ಊಟ ಮಾಡಿದರು, ಮಾತು ಮಾತಿಗೂ "ಗೌಡ್ರ" ಎಂದರು. ಹೊರಡುವಾಗ, "ಇನ್ನೊಂದು ಹಂಗಾಮು ಮಾಡಿದರೆ ಆಗುತ್ತದೆ. ಬೀಜ ಕೊಡುತ್ತೇನೆ. ಆದರೆ ಒಂದು ವರ್ಷ ಬೇಕು" ಎಂದು ಶಿವಕಾಂತಾಳಿಗೆ ಹೇಳಿದರು. ಆ ಒಂದು ವರ್ಷ ಭೂಸನೂರಿನವರ ಕೈಯಲ್ಲಿದೆ ಎಂದು ಅವರಿಗೇನು ಗೊತ್ತು? ಎರಡು ದಿನ ಕಳೆಯುವಷ್ಟರಲ್ಲಿ ಕೆಂಪು ಗೂಟದ ಸಾಲುಗಳು ಸುಟ್ಟ ಬಣ್ಣಕ್ಕೆ ತಿರುಗಿದವು. ದೌಲತರಾಯ ಅವನ್ನು ನೋಡಿ ಮನೆಗೆ ಬಂದು, ಪೆಟ್ಟಿಗೆಯಿಂದ ಒಳ್ಳೆಯ ರುಮಾಲು ತೆಗೆದ.

"ಭೂಸನೂರಿಗೆ ಹೋಗಿ ಬರ್ತೇನಿ. ಕೊಟ್ಟ ಮಾತು ವಾಪಸ್ ತಗೋಬೇಕು. ಕಾಯ್ತೇವಂದ್ರ ಕಾಯಲಿ, ಇಲ್ಲಂದ್ರ ಇಲ್ಲ. ಬೆಳಿ ಕಿತ್ತಾಂವ ನಾನು, ವರ್ಷ ನಾನೇ ಕೊಡಬೇಕು."

ಮಾತು ಕೊಟ್ಟು ತಪ್ಪಿದವನೆಂದು ಅವನನ್ನು ಆ ತನಕ ಯಾರೂ ಅಂದಿರಲಿಲ್ಲ. ಶಿವಕಾಂತಾ ಆ ರಾತ್ರಿ ಮಲಗಲಿಲ್ಲ. ಬೆಳಿಗ್ಗೆ ಅವನಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಮಾತಾದ ಹುಡುಗಿ ಹುಡುಗನ ಮನೆಗೆ ತಾನಾಗಿ ಹೋಗುವುದು ನಮ್ಮಲ್ಲಿ ಎಲ್ಲೂ ಇಲ್ಲ. ದೌಲತರಾಯ ಬೇಡ ಎಂದ, ಗುರುಬಾಯಿ ಬೇಡ ಎಂದಳು. ಅವಳು ಕೇಳಲಿಲ್ಲ. ಗುಲಬರ್ಗಾ, ಆಳಂದ, ಭೂಸನೂರು, ಬಸ್ಸು ಬದಲಿಸಿದಷ್ಟು ಸಲವೂ ಅಪ್ಪನ ಹಿಂದೆಯೇ ಹತ್ತಿದಳು.

ಬಸವಂತರಾಯನ ಪಡಸಾಲೆಯಲ್ಲಿ ಕಬ್ಬಿನ ಗಾಡಿಗಳ ಲೆಕ್ಕ ಮಾತಾಡುತ್ತ ನಾಲ್ಕು ಜನ ಕುಳಿತಿದ್ದರು. ಹುಡುಗಿಯನ್ನು ಕಂಡು ಎಲ್ಲರ ಬಾಯಿ ಬಂದಾಯಿತು. ದೌಲತರಾಯ ಗಂಟಲು ಸರಿಮಾಡಿಕೊಂಡು, ಬೆಳೆ ಹೋಯಿತು, ಇನ್ನೊಂದು ವರ್ಷ ಬೇಕು ಎಂದ.

"ಬೆಳಿ ಹೆಂಗ ಹೋತ್ರಿ? ನಿಮ್ಮಂಥವರ ಹೊಲದಾಗ?" ಬಸವಂತರಾಯ ಕೇಳಿದ.

ದೌಲತರಾಯ ಸುತ್ತ ಕುಳಿತ ಮುಖಗಳನ್ನು ನೋಡಿದ. ಬೀಗರಾಗಬೇಕಾದವರ ಎದುರು ಅವನಿಗೂ ನಾಲಿಗೆ ಏಳಲಿಲ್ಲ. "ಆಳುಮನುಷ್ಯಾ ಕಿತ್ತು ಹಾಕ್ಯಾನ್ರಿ" ಎಂದ. "ತಿಳೀದ ಕಿತ್ತ."

"ಅಂಥಾ ಹುಚ್ಚಮುಂಡೆ ಮಗನಿಗೆ ಚಪ್ಪಲಿ ತಗೊಂಡು ಹೊಡೀಬೇಕಾಗಿತ್ತು!" ಎಂದ ಬಸವಂತರಾಯ. ಎಲ್ಲರೂ ನಕ್ಕರು. ದೌಲತರಾಯನೂ ತಲೆ ತಗ್ಗಿಸಿ, "ಹೌದ್ರಿ" ಎಂದ.

ಕಂಬದ ಹತ್ತಿರ ನಿಂತಿದ್ದ ಶಿವಕಾಂತಾಳಿಗೆ ತಡೆಯಲಾಗಲಿಲ್ಲ.

"ಆಳಲ್ರಿ ಅದು. ಕಿತ್ತಾವರು ನಮ್ಮಪ್ಪ. ನಾ ಹೇಳಿರಲಿಲ್ಲ, ಅದಕ್ಕ ಕಿತ್ತಾರ. ಹೊಡಿಯೂದಿದ್ರ ನನಗ ಹೊಡೀರಿ."

ಕುಳಿತವರಲ್ಲಿ ಒಬ್ಬನು ಇನ್ನೊಬ್ಬನ ಮುಖ ನೋಡಿ ಮೀಸೆಯೊಳಗೆ ನಕ್ಕ. ಬಸವಂತರಾಯ ನಿಧಾನಕ್ಕೆ ದೌಲತರಾಯನತ್ತ ತಿರುಗಿ, "ಹಂಗಂದ್ರ ಈಗ ನೀವು ಸುಳ್ಳು ಹೇಳಿದ್ರಿ?" ಎಂದ. ಉತ್ತರಕ್ಕೆ ಕಾಯಲಿಲ್ಲ. "ಒಂದು ವರ್ಷ ಯಾಕ್ರಿ, ಬೇಕಾದಷ್ಟು ವರ್ಷ ಓದಿಸ್ರಿ. ನಮ್ಮ ದಾರಿ ನಮಗ, ನಿಮ್ಮ ದಾರಿ ನಿಮಗ."

ದೌಲತರಾಯ ಎದ್ದು ಕೈ ಮುಗಿದು ಹೊರಗೆ ಬಂದ. ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಗಳು ಬೀದಿ ತುಂಬಿದ್ದವು. ಅವನು ಅವುಗಳ ನಡುವೆ ದಾರಿ ಮಾಡಿಕೊಂಡು ಬಸ್ ನಿಲ್ದಾಣದ ತನಕ ಹಿಂದೆ ನೋಡದೆ ನಡೆದ. ಶಿವಕಾಂತಾ ಓಡುತ್ತ ಹಿಂದೆ ಬಂದಳು. ಅವಳಿಗೆ ವರ್ಷ ಸಿಕ್ಕಿತ್ತು. ಕೊನೆಗೂ ಖರೇ ಹೇಳಿದೆ ಎಂಬ ಹಗುರವೂ ಎಲ್ಲೋ ಇತ್ತು. 'ಅಪ್ಪಾ' ಎಂದು ಕರೆದಳು.

ಅವನು ತಿರುಗಿದ. ಸಿಟ್ಟಿರಲಿಲ್ಲ. ಇಷ್ಟು ವರ್ಷ ತಲೆ ಎತ್ತಿ ತಿರುಗಿದ ಮನುಷ್ಯ ಅವಳ ಕಣ್ಣಿಗೆ ಕಣ್ಣು ಕೊಡಲಾರದೆ ರಸ್ತೆಯ ಧೂಳು ನೋಡುತ್ತ ಹೇಳಿದ:

"ಇಲ್ಲಿ ನಾ ನನ್ನ ಮಾನ ಮುಚ್ಚಿಕೊಂಡಿದ್ದೆ ಬೇ. ನೀ ಖರೇ ಹೇಳೂದಿತ್ತಂದ್ರ ಅವತ್ತು ಹೊಲದಾಗ ಹೇಳಬೇಕಾಗಿತ್ತು."

ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕುಳಿತ. ಅವಳು ಪಕ್ಕದ ಸೀಟು ಖಾಲಿಯಿದ್ದರೂ ಅಲ್ಲಿ ಕೂರಲು ಧೈರ್ಯ ಬಾರದೆ, ಆಳಂದದ ತನಕ ಕಂಬಿ ಹಿಡಿದು ನಿಂತೇ ಬಂದಳು.